ಯುದ್ಧದ ಕಾದಂಬರಿ ಓದಿಸುವಾಗ ಗ್ರಾಮರ್ ಎಲ್ಲಿ ಬರಬೇಕು?

ಪ್ರಶ್ನೆ: ನಾನು ಗೋಣಿಕೊಪ್ಪ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಈ ವರ್ಷ ಒಂಬತ್ತನೇ ಕ್ಲಾಸಿಗೆ ಪಠ್ಯಪುಸ್ತಕದ ಜೊತೆಗೆ ಒಂದು ಪೂರ್ತಿ ಕಾದಂಬರಿ ಓದಿಸಲು ಹೆಡ್‌ಮಿಸ್ ಒಪ್ಪಿದ್ದಾರೆ. ನಾನು ಆರಿಸಿದ್ದು ಎರಿಕ್ ಮರಿಯಾ ರೆಮಾರ್ಕ್ ಬರೆದ ‘ಆಲ್ ಕ್ವಾಯಟ್ ಆನ್ ದ ವೆಸ್ಟರ್ನ್ ಫ್ರಂಟ್’. ವಾರಕ್ಕೆ ಎರಡು ಪೀರಿಯಡ್ ಸಿಗುತ್ತದೆ. ವೊಕ್ಯಾಬುಲರಿ, ಗ್ರಾಮರ್ ಎರಡನ್ನೂ ಅದರಲ್ಲೇ ಸೇರಿಸಬೇಕು. ಒಂದು ಪೀರಿಯಡ್ ಕಥೆಗೆ, ಒಂದು ಗ್ರಾಮರಿಗೆ ಎಂದು ಹಂಚಿದರೆ ಸರಿಯೇ? ಇನ್ನೊಂದು ಅಳುಕೂ ಇದೆ. ನಮ್ಮ ಕ್ಲಾಸಿನಲ್ಲಿ ತುಂಬಾ ಮಕ್ಕಳ ಮನೆಯಲ್ಲಿ ಒಬ್ಬರಾದರೂ ಮಿಲಿಟರಿಯವರು. ಈ ಪುಸ್ತಕದಿಂದ ಮಕ್ಕಳಿಗೆ ನೋವಾದರೆ? ಮನೆಯವರು ಬೇಜಾರು ಮಾಡಿಕೊಂಡರೆ?

ಉತ್ತರ: ಹಂಚಬೇಡಿ, ಮೇಡಂ. ಸೋಮವಾರ ಕಥೆ, ಗುರುವಾರ ಗ್ರಾಮರ್ ಎಂದು ಮಾಡಿದರೆ ಮಕ್ಕಳು ಸೋಮವಾರ ಕಿವಿ ಕೊಟ್ಟು ಕೇಳುತ್ತಾರೆ, ಗುರುವಾರ ಕಿಟಕಿ ನೋಡುತ್ತಾರೆ. ಹಾಗಂತ ಪ್ರತಿ ಪುಟದಲ್ಲೂ ನಿಲ್ಲಿಸಿ ‘ಇದು ಯಾವ ಟೆನ್ಸ್?’ ಎಂದು ಕೇಳುವುದೂ ಬೇಡ. ಅದು ಇನ್ನೂ ಕೆಟ್ಟದ್ದು. ಒಬ್ಬ ಹುಡುಗ ಸಾಯುತ್ತಿರುವ ಪುಟದಲ್ಲಿ ಪ್ರಿಪೊಸಿಷನ್ ಹುಡುಕಿಸಿದರೆ ಮಕ್ಕಳಿಗೆ ಕಥೆಯ ಮೇಲೂ ಗೌರವ ಹೋಗುತ್ತದೆ, ನಮ್ಮ ಮೇಲೂ ಹೋಗುತ್ತದೆ.

ನನ್ನ ದಾರಿ ಹೀಗೆ. ಈ ಕಾದಂಬರಿಯಲ್ಲಿ ಕೆಲವು ಜಾಗಗಳಲ್ಲಿ ಗ್ರಾಮರೇ ಕಥೆಯನ್ನು ತಿರುಗಿಸುತ್ತದೆ. ಅಲ್ಲಿ ಮಾತ್ರ ನಿಲ್ಲಬೇಕು, ಚೆನ್ನಾಗಿ ನಿಲ್ಲಬೇಕು. ಉಳಿದ ಕಡೆ ಸುಮ್ನೆ ಓದಬೇಕು. ನಿಲ್ಲುವ ಜಾಗಗಳಲ್ಲೆಲ್ಲ ಕೇಳುವ ಪ್ರಶ್ನೆ ಒಂದೇ: ಇಲ್ಲಿ ಯಾರು, ಯಾರಿಗೆ, ಏನು ಮಾಡಿದರು? ವಾಕ್ಯ ಅದನ್ನು ಹೇಳುತ್ತಿದೆಯೇ, ಮುಚ್ಚಿಡುತ್ತಿದೆಯೇ? ಸಬ್ಜೆಕ್ಟ್, ಆಬ್ಜೆಕ್ಟ್, ವಾಯ್ಸ್, ಟೆನ್ಸ್ ಎಲ್ಲವೂ ಈ ಪ್ರಶ್ನೆಯಿಂದಲೇ ಹೊರಡುತ್ತವೆ. ಯುದ್ಧದ ಬಗ್ಗೆ ಕೇಳಬೇಕಾದ ಪ್ರಶ್ನೆಯೂ ಇದೇ ಅಲ್ವಾ?

ಮೊದಲ ಪುಟದಿಂದಲೇ ತೋರಿಸುತ್ತೇನೆ. ಕಥೆ ಹೇಳುವವನು ಪೌಲ್ ಬಾಯ್ಮರ್. ಶಾಲೆಯ ಬೆಂಚಿನಿಂದ ನೇರವಾಗಿ ಮೊದಲ ಮಹಾಯುದ್ಧಕ್ಕೆ ಹೋದ ಜರ್ಮನ್ ಹುಡುಗ. ಎ. ಡಬ್ಲ್ಯು. ವೀನ್ 1929ರಲ್ಲಿ ಮಾಡಿದ ಇಂಗ್ಲಿಷ್ ಅನುವಾದದಲ್ಲಿ ಮೊದಲ ವಾಕ್ಯ ಪ್ರೆಸೆಂಟ್ ಟೆನ್ಸ್. ನಾವು ಈಗ ಫ್ರಂಟಿನ ಹಿಂದೆ ವಿಶ್ರಾಂತಿಯಲ್ಲಿದ್ದೇವೆ ಎನ್ನುತ್ತಾನೆ. ಎರಡನೇ ವಾಕ್ಯದಲ್ಲಿ ನಿನ್ನೆಯ ಮಾತು ಬರುತ್ತದೆ. ಅದು ಪಾಸ್ಟ್ ಟೆನ್ಸ್, ಜೊತೆಗೆ ಪ್ಯಾಸಿವ್. ಅವರ ಜಾಗಕ್ಕೆ ಬೇರೆ ತುಕಡಿ ಬಂತು, ಅವರನ್ನು ಬಿಡುಗಡೆ ಮಾಡಲಾಯಿತು. ಅದೇ ಉಸಿರಿನಲ್ಲಿ ಮತ್ತೆ ‘ಈಗ’ ಬರುತ್ತದೆ: ಹೊಟ್ಟೆ ತುಂಬಿದೆ, ಸಮಾಧಾನವಾಗಿದೆ. ಪಾಠ ಮಾಡಲು ಈ ಎರಡು ವಾಕ್ಯಗಳೇ ಒಂದು ಪೀರಿಯಡ್ಡಿಗೆ ಸಾಕು. ನಿನ್ನೆ ಏನಾಯಿತು ಎಂಬುದನ್ನು ಅವನು ಒಂದು ಚಿಕ್ಕ ಪ್ಯಾಸಿವ್ ವಾಕ್ಯದಲ್ಲಿ ದಾಟಿಬಿಟ್ಟ. ಹೊಟ್ಟೆ ಯಾಕೆ ತುಂಬಿತು ಎಂಬುದು ಆಮೇಲೆ ಗೊತ್ತಾಗುತ್ತದೆ. ಹೋಗಿದ್ದು 150 ಜನ, ವಾಪಸ್ ಬಂದಿದ್ದು 80. ಅಡುಗೆಯವನು ಅಡುಗೆ ಮಾಡಿದ್ದು ಪೂರ್ತಿ ಕಂಪನಿಗೆ. ಸತ್ತವರ, ಗಾಯಗೊಂಡವರ ಪಾಲು ಬದುಕಿದವರ ತಟ್ಟೆಗೆ ಬಿತ್ತು. ಇದು ಗೊತ್ತಾದ ಮೇಲೆ ಮಕ್ಕಳಿಗೆ ಮತ್ತೆ ಆ ಎರಡು ವಾಕ್ಯ ಓದಲು ಹೇಳಿ. ‘ನಿನ್ನೆ’ಯನ್ನು ಅವನು ಯಾಕೆ ಅಷ್ಟು ಬೇಗ ಮುಗಿಸಿದ ಎಂದು ಕೇಳಿ. ಉತ್ತರ ಅವರೇ ಹೇಳುತ್ತಾರೆ.

ಇಲ್ಲೇ ನಮ್ಮ ಮಕ್ಕಳ ಒಂದು ಹಳೆಯ ತಪ್ಪನ್ನೂ ಹಿಡಿಯಬಹುದು. ನಮ್ಮವರಿಗೆ ಕಂಟಿನ್ಯುಯಸ್ ಟೆನ್ಸ್ ಮೇಲೆ ಪ್ರೀತಿ ಜಾಸ್ತಿ. ‘ಐ ಆಮ್ ನೋಯಿಂಗ್’, ‘ವಿ ಆರ್ ಹ್ಯಾವಿಂಗ್ ಟೂ ಡಾಗ್ಸ್’ ಎಂದು ಬರೆಯುತ್ತಾರೆ. ರೆಮಾರ್ಕ್‌ನ ಹುಡುಗ ಕಣ್ಣೆದುರು ನಡೆಯುತ್ತಿರುವುದನ್ನು ಹೇಳುವಾಗಲೂ ಹೆಚ್ಚಾಗಿ ಸಿಂಪಲ್ ಪ್ರೆಸೆಂಟ್ ಬಳಸುತ್ತಾನೆ. ನಾವು ಕೂರುತ್ತೇವೆ, ನಾವು ಓಡುತ್ತೇವೆ, ಶೆಲ್ ಬೀಳುತ್ತದೆ. ನಾಲ್ಕನೇ ಅಧ್ಯಾಯದಿಂದ ಐದಾರು ಸಾಲು ತೆಗೆದುಕೊಳ್ಳಿ. ಎಲ್ಲ ಕ್ರಿಯಾಪದಕ್ಕೂ ‘ಇಂಗ್’ ಸೇರಿಸಿ ಬರೆಯಲು ಹೇಳಿ. ಆಮೇಲೆ ಎರಡನ್ನೂ ಜೋರಾಗಿ ಓದಿಸಿ. ಎರಡನೆಯದು ಎಳೆದ ಹಾಗೆ ಕೇಳಿಸುತ್ತದೆ, ಓಟ ನಿಂತುಬಿಡುತ್ತದೆ. ರೂಲ್ ಹೇಳಿ ಬಿಡಿಸಲಾಗದ ತಪ್ಪು ಕಿವಿಗೆ ಬಿದ್ದರೆ ಬಿಡುತ್ತದೆ.

ಪ್ಯಾಸಿವ್ ವಾಯ್ಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ವರ್ಕ್‌ಬುಕ್ಕಿನಲ್ಲಿ ಅದು ಬರೀ ತಿರುಗಿಸುವ ಆಟ. ರಾಮ ಮಾವಿನಹಣ್ಣು ತಿಂದ, ಮಾವಿನಹಣ್ಣು ರಾಮನಿಂದ ತಿನ್ನಲ್ಪಟ್ಟಿತು. ಯಾಕೆ ಹಾಗೆ ಹೇಳಬೇಕು ಎಂದು ಯಾರೂ ಕೇಳುವುದಿಲ್ಲ. ಈ ಕಾದಂಬರಿಯಲ್ಲಿ ಅದಕ್ಕೆ ಕಾರಣ ಇದೆ. ಮೊದಲ ಮಹಾಯುದ್ಧದಲ್ಲಿ ಜಾಸ್ತಿ ಜನ ಸತ್ತಿದ್ದು, ಗಾಯಗೊಂಡಿದ್ದು ಫಿರಂಗಿಗಳಿಂದ. ಮೈಲಿಗಟ್ಟಲೆ ದೂರದಿಂದ ಶೆಲ್ ಬರುತ್ತಿತ್ತು. ಹೊಡೆದವನು ಯಾರೆಂದು ಸತ್ತವನಿಗೆ ಗೊತ್ತಿಲ್ಲ, ಸತ್ತವನು ಯಾರೆಂದು ಹೊಡೆದವನಿಗೂ ಗೊತ್ತಿಲ್ಲ. ಅಂಥ ಸಾವಿಗೆ ಪ್ಯಾಸಿವ್ ವಾಯ್ಸೇ ಸರಿಯಾದ ವಾಯ್ಸ್. ‘ಹಿ ವಾಸ್ ಹಿಟ್.’ ಯಾರು ಹೊಡೆದದ್ದು? ವಾಕ್ಯದಲ್ಲಿ ಜಾಗವೇ ಇಲ್ಲ. ಮಕ್ಕಳಿಗೆ ಇದನ್ನು ಹೇಳಿದರೆ ‘ಬೈ’ ಹಾಕಬೇಕೋ ಬೇಡವೋ ಎಂಬ ಗೊಂದಲವೇ ಇರುವುದಿಲ್ಲ. ಮಾಡಿದವನು ಗೊತ್ತಿದ್ದರೆ, ಹೇಳಲು ಮನಸ್ಸಿದ್ದರೆ ಮಾತ್ರ ‘ಬೈ’.

ಆಮೇಲೆ ಒಂಬತ್ತನೇ ಅಧ್ಯಾಯಕ್ಕೆ ಬನ್ನಿ. ನೀವು ಇಡೀ ಪುಸ್ತಕದಲ್ಲಿ ನಿಧಾನವಾಗಿ, ಎರಡು ಮೂರು ಪೀರಿಯಡ್ ಕೊಟ್ಟು ಪಾಠ ಮಾಡಬೇಕಾದ ಜಾಗ ಇದು. ಪೌಲ್ ಒಂದು ಶೆಲ್ ಗುಂಡಿಯಲ್ಲಿ ಅಡಗಿದ್ದಾನೆ. ಒಬ್ಬ ಫ್ರೆಂಚ್ ಸೈನಿಕ ಅದರೊಳಗೆ ಬೀಳುತ್ತಾನೆ. ಪೌಲ್ ಚೂರಿಯಿಂದ ಇರಿಯುತ್ತಾನೆ. ಆ ಮನುಷ್ಯ ತಕ್ಷಣ ಸಾಯುವುದಿಲ್ಲ, ಗಂಟೆಗಟ್ಟಲೆ ಪೌಲ್ ಅವನ ಪಕ್ಕದಲ್ಲೇ ಇರಬೇಕಾಗುತ್ತದೆ. ನೀರು ಕೊಡುತ್ತಾನೆ, ಗಾಯ ಕಟ್ಟುತ್ತಾನೆ. ಸತ್ತ ಮೇಲೆ ಅವನ ಜೇಬಿನ ಪುಸ್ತಕ ತೆಗೆದು ನೋಡುತ್ತಾನೆ. ಹೆಂಡತಿಯ, ಚಿಕ್ಕ ಮಗಳ ಫೋಟೋ ಇದೆ. ಹೆಸರು ಇದೆ: ಜೆರಾರ್ ಡುವಾಲ್. ಕೆಲಸ: ಪ್ರೆಸ್ಸಿನಲ್ಲಿ ಅಚ್ಚು ಜೋಡಿಸುವವನು. ಅಷ್ಟು ಹೊತ್ತಿಗೆ ನಾವು ಎಷ್ಟೋ ಸಾವು ಓದಿರುತ್ತೇವೆ. ಬಹಳಷ್ಟು ಕಡೆ ಕೊಂದವನು ಕಾಣಿಸಿರುವುದಿಲ್ಲ. ಇಲ್ಲಿ ಪೌಲ್ ತನಗೆ ತಾನೇ ಹೇಳಿಕೊಳ್ಳುವ ವಾಕ್ಯ ಆ್ಯಕ್ಟಿವ್ ವಾಯ್ಸಿನಲ್ಲಿದೆ. ಸಬ್ಜೆಕ್ಟ್ ‘ಐ’. ಕ್ರಿಯಾಪದ ಪ್ರೆಸೆಂಟ್ ಪರ್ಫೆಕ್ಟ್, ‘ಹ್ಯಾವ್ ಕಿಲ್ಡ್’. ಆಬ್ಜೆಕ್ಟ್ ಜಾಗದಲ್ಲಿ ಶತ್ರು ಇಲ್ಲ, ಸೈನಿಕನೂ ಇಲ್ಲ. ಕಸುಬು, ಹೆಸರು ಎರಡೂ ಇರುವ ಒಬ್ಬ ಮನುಷ್ಯ ಇದ್ದಾನೆ.

ಆ ವಾಕ್ಯವನ್ನು ಬೋರ್ಡಿನ ಮೇಲೆ ಬರೆಯಿರಿ. ಪಕ್ಕದಲ್ಲಿ ಅದರ ಪ್ಯಾಸಿವ್ ರೂಪ ಬರೆಯಿರಿ, ‘ಬೈ ಮಿ’ ಬಿಟ್ಟು. ಮೂರನೆಯದಾಗಿ ಸಿಂಪಲ್ ಪಾಸ್ಟ್ ಬರೆಯಿರಿ. ಮೂರರಲ್ಲಿ ಯಾವುದು ಪೌಲನಿಗೆ ಸುಲಭ, ಯಾವುದು ಕಷ್ಟ ಎಂದು ಕೇಳಿ. ಒಂಬತ್ತನೇ ಕ್ಲಾಸಿನ ಮಕ್ಕಳು ಇದಕ್ಕೆ ಕೊಡುವ ಉತ್ತರ ನಮ್ಮನ್ನೇ ಯೋಚನೆಗೆ ಹಚ್ಚುತ್ತದೆ. ಪ್ರೆಸೆಂಟ್ ಪರ್ಫೆಕ್ಟ್ ಎಂದರೆ ಆಗಿಹೋದದ್ದು, ಆದರೆ ಈಗಲೂ ನನ್ನ ಜೊತೆ ಇರುವುದು. ‘ಆಲ್ರೆಡಿ’, ‘ಜಸ್ಟ್’, ‘ಯೆಟ್’ ಇದ್ದರೆ ಈ ಟೆನ್ಸ್ ಹಾಕಿ ಎಂದು ಕಲಿಸುತ್ತೇವಲ್ಲ, ಅದಕ್ಕಿಂತ ಈ ಒಂದು ಉದಾಹರಣೆ ಗಟ್ಟಿ. ಸಿಂಪಲ್ ಪಾಸ್ಟಿನಲ್ಲಿ ಹೇಳಿದರೆ ಮುಗಿದುಹೋಯಿತು ಎಂದಾಗುತ್ತದೆ. ಪೌಲನಿಗೆ ಅದು ಮುಗಿದಿಲ್ಲ.

ಕಂಡಿಷನಲ್ಸ್ ಕೂಡ ಇದೇ ಗುಂಡಿಯಲ್ಲಿವೆ. ಪೌಲ್ ಸತ್ತವನ ಜೊತೆ ಮಾತಾಡುತ್ತಾನೆ. ನೀನು ಇನ್ನೊಮ್ಮೆ ಇಲ್ಲಿ ಹಾರಿದರೆ ನಾನು ಹಾಗೆ ಮಾಡುವುದಿಲ್ಲ ಎನ್ನುತ್ತಾನೆ. ಸತ್ತವನು ಹಾರುವುದಿಲ್ಲ. ಆಗದ ಮಾತು. ಅದಕ್ಕೇ ಇಂಗ್ಲಿಷಿನಲ್ಲಿ ‘ಇಫ್’ ಆದ ಮೇಲೆ ಪಾಸ್ಟ್ ಟೆನ್ಸ್, ಮುಂದೆ ‘ವುಡ್ ನಾಟ್’. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಮಾತು ಕೊಡುತ್ತಾನೆ. ನಾನು ಇಲ್ಲಿಂದ ಬದುಕಿ ಹೊರಬಂದರೆ ಇದರ ವಿರುದ್ಧ ಹೋರಾಡುತ್ತೇನೆ. ಇದು ಆಗಬಹುದಾದದ್ದು. ಅಲ್ಲಿ ‘ಇಫ್’ ಜೊತೆ ಪ್ರೆಸೆಂಟ್, ಮುಂದೆ ‘ವಿಲ್’. ಕನ್ನಡದಲ್ಲಿ ಎರಡಕ್ಕೂ ‘ದರೆ’ ಎಂದೇ ಹೇಳುತ್ತೇವೆ, ಆದ್ದರಿಂದ ಮಕ್ಕಳಿಗೆ ವ್ಯತ್ಯಾಸ ಹಿಡಿಯುವುದು ಕಷ್ಟ. ‘ಇಫ್ ಐ ವಿಲ್ ಕಮ್’ ಎಂದು ಬರೆದುಬಿಡುತ್ತಾರೆ. ಟೈಪ್ ಒನ್, ಟೈಪ್ ಟೂ ಎಂದು ಚಾರ್ಟ್ ತೂಗುಹಾಕುವ ಮೊದಲು ಈ ಎರಡು ವಾಕ್ಯ ಕೊಡಿ. ಯಾವುದು ಇನ್ನೂ ಸಾಧ್ಯ, ಯಾವುದು ಇನ್ನು ಸಾಧ್ಯವೇ ಇಲ್ಲ ಎಂದು ಅವರೇ ವಿಂಗಡಿಸಲಿ. ಚಾರ್ಟ್ ಆಮೇಲೆ ಬರಲಿ.

ರಿಪೋರ್ಟೆಡ್ ಸ್ಪೀಚ್‌ಗೆ ಏಳನೇ ಅಧ್ಯಾಯ. ಪೌಲನ ಗೆಳೆಯ ಕೆಮ್ಮರಿಖ್ ಎರಡನೇ ಅಧ್ಯಾಯದಲ್ಲೇ ಆಸ್ಪತ್ರೆಯಲ್ಲಿ ಸತ್ತಿರುತ್ತಾನೆ, ಒಂದು ಕಾಲು ಕತ್ತರಿಸಿ, ನರಳಿ. ಪೌಲ್ ರಜೆಯಲ್ಲಿ ಊರಿಗೆ ಬಂದಾಗ ಅವನ ತಾಯಿಯ ಹತ್ತಿರ ಹೋಗುತ್ತಾನೆ. ಮಗ ತಕ್ಷಣ ಸತ್ತ, ನೋವೇ ಆಗಲಿಲ್ಲ ಎನ್ನುತ್ತಾನೆ. ತಾಯಿ ನಂಬುವುದಿಲ್ಲ, ಆಣೆ ಮಾಡಿಸುತ್ತಾಳೆ. ಮಕ್ಕಳಿಗೆ ಎರಡು ಪ್ಯಾರಾ ಬರೆಯಲು ಹೇಳಿ. ಒಂದರಲ್ಲಿ ಪೌಲ್ ತಾಯಿಗೆ ಏನೇನು ಹೇಳಿದ ಎಂಬುದು ರಿಪೋರ್ಟೆಡ್ ಸ್ಪೀಚಿನಲ್ಲಿ. ಇನ್ನೊಂದರಲ್ಲಿ ನಿಜವಾಗಿ ಏನಾಗಿತ್ತು ಎಂಬುದು. ‘ಹಿ ಟೋಲ್ಡ್ ಹರ್ ದಟ್’ ಎಂದು ಶುರು ಮಾಡಿದ ಕೂಡಲೇ ‘ಹ್ಯಾಡ್ ಡೈಡ್’ ಬೇಕಾಗುತ್ತದೆ. ಪಾಸ್ಟ್ ಪರ್ಫೆಕ್ಟನ್ನು ‘ಐ ಹ್ಯಾಡ್ ಗಾನ್ ಟು ಮೈಸೂರು ಯೆಸ್ಟರ್ಡೇ’ ಎಂದು ಎಲ್ಲಿ ಬೇಕಾದರೂ ಹಾಕುವ ನಮ್ಮ ಅಭ್ಯಾಸಕ್ಕೆ ಇದು ಒಳ್ಳೆ ಮದ್ದು. ಒಂದು ಮಾತು ಆಡಿದ ಹೊತ್ತಿಗಿಂತ ಮೊದಲೇ ನಡೆದುಹೋದದ್ದಕ್ಕೆ ಆ ಟೆನ್ಸ್ ಎಂದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಇದೇ ಪಾಠಕ್ಕೆ ಕೊಡಗಿನ ಒಂದು ಉದಾಹರಣೆಯೂ ಇದೆ. 1965ರ ಯುದ್ಧದಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ಪಾಕಿಸ್ತಾನದಲ್ಲಿ ಯುದ್ಧಕೈದಿಯಾಗಿದ್ದರು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ಕಡೆಯಿಂದ ಸಹಾಯದ ಮಾತು ಬಂತು, ಮಗನಿಗೆ ಮಾತ್ರ ವಿಶೇಷ ಉಪಚಾರ ಬೇಡ ಎಂದು ಕಾರ್ಯಪ್ಪ ಹೇಳಿದರು ಎಂಬ ಪ್ರಸಂಗ ನಿಮ್ಮ ಮಕ್ಕಳಲ್ಲಿ ಹಲವರಿಗೆ ಬಾಯಿಪಾಠ. ಅದನ್ನು ಮನೆಯಲ್ಲಿ ಕೇಳಿದ ಹಾಗೆ ಇಂಗ್ಲಿಷಿನಲ್ಲಿ ರಿಪೋರ್ಟ್ ಮಾಡಿ ಬರೆಯಲಿ. ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಬಾಯಿಂದ ಬಾಯಿಗೆ ಹೋದ ಮಾತಿಗೆ ರಿಪೋರ್ಟೆಡ್ ಸ್ಪೀಚ್ ಯಾಕೆ ಬೇಕು ಎಂದು ಬೇರೆ ಹೇಳಬೇಕಿಲ್ಲ.

ಇನ್ನು ಕೊನೆಯ ಅಧ್ಯಾಯ. ಹನ್ನೆರಡನೆಯದು, ಎರಡೇ ಪುಟ. ಪುಸ್ತಕದ ಉದ್ದಕ್ಕೂ ಮಾತಾಡಿದ್ದು ‘ನಾನು’, ‘ನಾವು’. ಕೊನೆಯ ಎರಡು ಪ್ಯಾರಾಗಳಲ್ಲಿ ಇದ್ದಕ್ಕಿದ್ದಂತೆ ‘ಅವನು’ ಎಂದಾಗುತ್ತದೆ, ಟೆನ್ಸ್ ಪಾಸ್ಟ್ ಆಗುತ್ತದೆ. 1918ರ ಅಕ್ಟೋಬರಿನಲ್ಲಿ ಅವನು ಬಿದ್ದ ಎಂದು ಬೇರೆ ಯಾರೋ ಹೇಳುತ್ತಾರೆ. ಆ ದಿನದ ಸೈನ್ಯದ ವರದಿಯಲ್ಲಿ ಹೇಳುವಂಥದ್ದೇನೂ ಇರಲಿಲ್ಲ, ಆ ವರದಿಯ ಸಾಲೇ ಪುಸ್ತಕದ ಹೆಸರು. ಇಲ್ಲಿ ನೀವು ಏನನ್ನೂ ವಿವರಿಸಬೇಡಿ. ಓದಿ, ಪುಸ್ತಕ ಮುಚ್ಚಿ, ಆ ಪೀರಿಯಡ್ ಮುಗಿಸಿ. ಮುಂದಿನ ಪೀರಿಯಡ್ಡಿನಲ್ಲಿ ಒಂದೇ ಪ್ರಶ್ನೆ: ಪ್ರೊನೌನ್ ಎಲ್ಲಿ ಬದಲಾಯಿತು, ಯಾಕೆ? ‘ನಾನು ಸತ್ತೆ’ ಎಂದು ಯಾರೂ ಹೇಳಲಾಗುವುದಿಲ್ಲ ಎಂಬುದನ್ನು ಕ್ಲಾಸಿನಲ್ಲಿ ಯಾರಾದರೂ ಒಬ್ಬರು ಕಂಡುಹಿಡಿಯುತ್ತಾರೆ. ಕಾಯಿರಿ, ನೀವೇ ಹೇಳಿಬಿಡಬೇಡಿ.

ವೊಕ್ಯಾಬುಲರಿಗೆ ಇಷ್ಟು ಕಷ್ಟ ಇಲ್ಲ. ಅಧ್ಯಾಯಕ್ಕೆ ಆರೇಳು ಪದ ಸಾಕು. ಬಯೊನೆಟ್, ಡಗೌಟ್, ಪ್ಯಾರಪೆಟ್ ಇಂಥವಕ್ಕೆ ಒಂದು ಚಿತ್ರ ತೋರಿಸಿ ಮುಂದೆ ಹೋಗಿ. ಅವನ್ನು ಪರೀಕ್ಷೆಗೆ ಕೇಳಬೇಡಿ, ಮಕ್ಕಳ ಜೀವನದಲ್ಲಿ ಮತ್ತೆ ಬರುವ ಪದಗಳಲ್ಲ. ‘ಎಂಡ್ಯೂರ್’, ‘ಅಬ್ಯಾಂಡನ್’, ‘ಹೆಸಿಟೇಟ್’, ‘ಎಕ್ಸಾಸ್ಟೆಡ್’, ‘ಇಂಡಿಫರೆಂಟ್’ ಥರದವಕ್ಕೆ ಸಮಯ ಕೊಡಿ. ಅವು ಸಮಾಜ ವಿಜ್ಞಾನದಲ್ಲೂ ಬರುತ್ತವೆ, ಪೇಪರಿನಲ್ಲೂ ಬರುತ್ತವೆ. ಒಂದು ಪದ ಸಿಕ್ಕರೆ ಅದರ ನೌನ್, ವರ್ಬ್, ಅಡ್ಜೆಕ್ಟಿವ್ ರೂಪ ಒಟ್ಟಿಗೆ ಬರೆಸಿ.

ಮಿಲಿಟರಿ ಪದಗಳಲ್ಲಿ ಒಂದು ಗುಂಪು ಮಾತ್ರ ಬಿಡಬಾರದು. ಕಂಪನಿ, ಲೀವ್, ಚಾರ್ಜ್, ಇಶ್ಯೂ, ರಿಲೀವ್, ಶೆಲ್, ಫ್ರಂಟ್. ಇವೆಲ್ಲ ಪೇಟೆಯಲ್ಲೂ ಬಳಕೆಯಲ್ಲಿವೆ, ಬ್ಯಾರಕ್ಕಿನಲ್ಲೂ ಬಳಕೆಯಲ್ಲಿವೆ, ಅರ್ಥ ಬೇರೆ ಬೇರೆ. ಇದರಲ್ಲಿ ನಿಮ್ಮ ಮಕ್ಕಳು ಬೆಂಗಳೂರಿನ ಮಕ್ಕಳಿಗಿಂತ ಮುಂದಿದ್ದಾರೆ. ‘ಅಪ್ಪ ಲೀವ್ ಮೇಲೆ ಬಂದಿದ್ದಾರೆ’, ‘ಚಿಕ್ಕಪ್ಪನ ಯೂನಿಟ್ ಜಮ್ಮುವಿಗೆ ಹೋಯ್ತು’ ಎಂಬ ಮಾತು ಕೇಳುತ್ತಲೇ ಬೆಳೆದವರು. ಮನೆಯಲ್ಲೋ ಪಕ್ಕದ ಮನೆಯಲ್ಲೋ ಇರುವ ಮಾಜಿ ಸೈನಿಕರ ಹತ್ತಿರ ಐದು ಪದ ಕೇಳಿಕೊಂಡು ಬರಲಿ. ಅರ್ಥ ಮಾತ್ರ ಸಾಲದು, ಆ ಪದ ಇರುವ ಒಂದು ವಾಕ್ಯ ತರಲಿ. ತೋಟದ ಲೈನ್‌ಮನೆಗಳಿಂದ ಬರುವ ಮಕ್ಕಳಿಗೆ, ಅಸ್ಸಾಮಿನ ಕಡೆಯಿಂದ ಬಂದ ಕಾರ್ಮಿಕರ ಮಕ್ಕಳಿಗೆ ಅಂಥ ಮನೆ ಇರಲಿಕ್ಕಿಲ್ಲ. ಅವರನ್ನು ಜೋಡಿ ಮಾಡಿ ಕಳಿಸಿ. ಮಿಲಿಟರಿ ಮನೆಯ ಮಕ್ಕಳದ್ದೇ ಪುಸ್ತಕ ಇದು ಎಂದು ಯಾರಿಗೂ ಅನ್ನಿಸಬಾರದು.

ಪ್ರಿಪೊಸಿಷನ್‌ಗಳಿಗೆ ಬೋರ್ಡಿನ ಮೇಲೆ ಒಂದು ನಕ್ಷೆ ಬರೆಯಿರಿ. ಎದುರುಬದುರು ಟ್ರೆಂಚು, ನಡುವೆ ಮುಳ್ಳುತಂತಿ, ಯಾರಿಗೂ ಸೇರದ ಜಾಗ, ಹಿಂದೆ ಅಡುಗೆ ಗಾಡಿ, ಇನ್ನೂ ಹಿಂದೆ ಆಸ್ಪತ್ರೆ. ಪ್ರತಿ ಅಧ್ಯಾಯದಲ್ಲೂ ಪೌಲ್ ಎಲ್ಲಿದ್ದಾನೆ ಎಂದು ಮಕ್ಕಳು ಬಂದು ಗುರುತು ಹಾಕಲಿ, ಇಂಗ್ಲಿಷಿನಲ್ಲಿ ಹೇಳಲಿ. ‘ಅಟ್ ದ ಫ್ರಂಟ್’, ‘ಅಂಡರ್ ಫೈರ್’, ‘ಆನ್ ಲೀವ್’, ‘ಬಿಹೈಂಡ್ ದ ಲೈನ್’. ಕಥೆಯೂ ನೆನಪಿರುತ್ತದೆ, ಪ್ರಿಪೊಸಿಷನ್ನೂ ಕೂರುತ್ತದೆ.

ಈಗ ನಿಮ್ಮ ಅಳುಕಿಗೆ ಬರುತ್ತೇನೆ. ಅದು ಸಣ್ಣ ವಿಷಯವಲ್ಲ. ಮಡಿಕೇರಿ ಪೇಟೆಯಲ್ಲಿ ಸೈನಿಕರ ಪ್ರತಿಮೆಗಳ ಮುಂದೆಯೇ ಬಸ್ಸಿಗೆ ಕಾಯುವ ಜಿಲ್ಲೆ ನಮ್ಮದು. ಕೊಡವರ ಆಯುಧಪೂಜೆ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಗೆ ಹೂ ಮುಡಿಸಿ ಪೂಜೆ ಮಾಡುವ ಮನೆಗಳಿಂದ ಮಕ್ಕಳು ಬರುತ್ತಾರೆ. ಅವರ ಹೆಮ್ಮೆಯನ್ನು ಒಡೆಯುವ ಪುಸ್ತಕ ಎಂದು ಯಾರಿಗಾದರೂ ಅನ್ನಿಸಬಹುದು. ಹಾಗೆ ಹೇಳಿದವರು ಹಿಂದೆಯೂ ಇದ್ದರು. 1933ರ ಮೇ ತಿಂಗಳಲ್ಲಿ ನಾಜಿಗಳು ಈ ಪುಸ್ತಕವನ್ನು ಬೀದಿಯಲ್ಲಿ ಸುಟ್ಟಾಗ ಹೊರಿಸಿದ ಆರೋಪ ಅದೇ, ಮಹಾಯುದ್ಧದ ಸೈನಿಕರಿಗೆ ದ್ರೋಹ ಮಾಡಿದೆ ಎಂದು. ಆದರೆ ಬರೆದವನೇ ಸೈನಿಕ. ರೆಮಾರ್ಕ್ 1917ರಲ್ಲಿ ಫ್ರಂಟಿಗೆ ಹೋಗಿ ಅದೇ ವರ್ಷ ಗಾಯಗೊಂಡು ಬಂದವನು. ಪುಸ್ತಕದ ಮುನ್ನುಡಿಯಲ್ಲೇ ಇದು ಯಾರ ಮೇಲಿನ ಆರೋಪವೂ ಅಲ್ಲ ಎಂದು ಹೇಳಿದ್ದಾನೆ. ಸೈನಿಕನನ್ನು ಅವನು ಎಲ್ಲೂ ಕೀಳಾಗಿ ಕಾಣುವುದಿಲ್ಲ. ಹಸಿದ ಗೆಳೆಯರಿಗೆ ಎಲ್ಲಿಂದಲಾದರೂ ಊಟ ಹುಡುಕಿ ತರುವ ಕಾಟ್ಜಿನ್ಸ್‌ಕಿ ಎಂಬ ಹಿರಿಯ ಸೈನಿಕನನ್ನು ಓದಿ. ಸೈನ್ಯದ ಗೆಳೆತನದ ಬಗ್ಗೆ ಅದಕ್ಕಿಂತ ಪ್ರೀತಿಯಿಂದ ಬರೆದ ಪುಟಗಳು ಕಡಿಮೆ. ಪುಸ್ತಕದ ಸಿಟ್ಟು ಇರುವುದು ಕಾಂಟೊರೆಕ್ ಎಂಬ ಮೇಷ್ಟರ ಮೇಲೆ. ತಾನು ಹೋಗದೆ, ಕ್ಲಾಸಿನ ಹುಡುಗರನ್ನು ಉಬ್ಬಿಸಿ ಸೇನೆಗೆ ಸೇರಿಸಿದವನು. ಮೇಷ್ಟರಾದ ನಾವು ಈ ಭಾಗವನ್ನು ತಪ್ಪಿಸದೆ ಓದಿಸಬೇಕು.

ಜೊತೆಗೆ ಇದು ಬೇರೆ ದೇಶದವರ ಕಥೆ ಮಾತ್ರವಲ್ಲ ಎಂದು ಮೊದಲ ದಿನವೇ ಹೇಳಿ. ರೆಮಾರ್ಕ್ ಹುಟ್ಟಿದ್ದು 1898ರ ಜೂನ್, ಕಾರ್ಯಪ್ಪನವರು 1899ರ ಜನವರಿ. ಇಬ್ಬರೂ ಒಂದೇ ವಾರಿಗೆಯವರು. ಕಥೆ ಮುಗಿಯುವುದು 1918ರಲ್ಲಿ, ಕಾರ್ಯಪ್ಪ ಕಮಿಷನ್ ಪಡೆದಿದ್ದು 1919ರಲ್ಲಿ. ಆ ಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಹೊರದೇಶಗಳಿಗೆ ಹೋಗಿದ್ದರು, ಸುಮಾರು 74,000 ಜನ ಸತ್ತರು. ಇದೇ ವೆಸ್ಟರ್ನ್ ಫ್ರಂಟಿನಲ್ಲಿ, ಫ್ರಾನ್ಸಿನ ನವ್ ಶಾಪೆಲ್‌ನಲ್ಲಿ, ಸಮಾಧಿಯೂ ಇಲ್ಲದ 4,700ಕ್ಕೂ ಹೆಚ್ಚು ಭಾರತೀಯ ಸೈನಿಕರ ಹೆಸರು ಕೆತ್ತಿದ ಸ್ಮಾರಕ ಇದೆ. ಮೈಸೂರಿನ ಲ್ಯಾನ್ಸರ್ಸ್ ಕುದುರೆ ಪಡೆ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಹೋರಾಡಿತು. ಎಂಟನೇ ಅಧ್ಯಾಯದಲ್ಲಿ ಪೌಲ್ ರಷ್ಯನ್ ಯುದ್ಧಕೈದಿಗಳನ್ನು ಕಾಯುತ್ತಾನೆ. ಅದನ್ನು ಓದುವಾಗ ಜನರಲ್ ತಿಮ್ಮಯ್ಯನವರ ಮಾತು ತನ್ನಿ. 1953ರಲ್ಲಿ ಕೊರಿಯಾ ಯುದ್ಧ ನಿಂತ ಮೇಲೆ ಊರಿಗೆ ವಾಪಸ್ ಹೋಗಲು ಒಪ್ಪದ ಸಾವಿರಾರು ಕೈದಿಗಳ ವಿಚಾರ ನೋಡಿಕೊಂಡ ತಟಸ್ಥ ದೇಶಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿದ್ದಾಗ 1965ರ ಡಿಸೆಂಬರಿನಲ್ಲಿ ತೀರಿಕೊಂಡರು. ಯುದ್ಧ ಕಂಡವರು ಶಾಂತಿಗೆ ದುಡಿದ ಉದಾಹರಣೆಗೆ ಮಡಿಕೇರಿಗಿಂತ ದೂರ ಹೋಗಬೇಕಿಲ್ಲ.

ಸಾಧ್ಯವಾದರೆ ಮಡಿಕೇರಿಯಲ್ಲಿರುವ ತಿಮ್ಮಯ್ಯನವರ ಮನೆ ಸನ್ನಿ ಸೈಡ್‌ಗೆ ಮಕ್ಕಳನ್ನು ಕರೆದುಕೊಂಡು ಹೋಗಿ. 2021ರಿಂದ ಅದು ಮ್ಯೂಸಿಯಂ. ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ದೇವಯ್ಯನವರ ಕಥೆಯನ್ನೂ ಇದಕ್ಕೆ ಸೇರಿಸಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ಮೇಲಿನ ದಾಳಿಯಲ್ಲಿ, ತನಗಿಂತ ವೇಗದ ವಿಮಾನವನ್ನು ಎದುರಿಸಿ ಹೊಡೆದುರುಳಿಸಿ ತೀರಿಕೊಂಡವರು. ಅವರಿಗೆ ಮಹಾವೀರ ಚಕ್ರ ಸಿಕ್ಕಿದ್ದು 23 ವರ್ಷದ ಮೇಲೆ, 1988ರಲ್ಲಿ. ‘ವಾಸ್ ಅವಾರ್ಡೆಡ್ ಪೋಸ್ಟ್‌ಹ್ಯೂಮಸ್ಲಿ’ ಎಂಬುದು ಸರ್ಕಾರಿ ಇಂಗ್ಲಿಷಿನ ಪ್ಯಾಸಿವ್. ಮಕ್ಕಳು ಅದನ್ನು ‘ಹಿ ಟರ್ನ್ಡ್ ಬ್ಯಾಕ್ ಅಂಡ್ ಫಾಟ್’ ಎಂಬ ಆ್ಯಕ್ಟಿವ್ ವಾಕ್ಯದ ಪಕ್ಕದಲ್ಲಿ ಇಟ್ಟು ನೋಡಲಿ. ಕೆಲವು ಕಡೆ ಪ್ಯಾಸಿವ್ ಗೌರವ ಕೊಡುತ್ತದೆ, ಕೆಲವು ಕಡೆ ಮುಚ್ಚಿಡುತ್ತದೆ. ಎರಡೂ ಗೊತ್ತಿರಲಿ.

ಮಕ್ಕಳ ನೋವಿನ ವಿಷಯ. ಶುರು ಮಾಡುವ ಮೊದಲೇ ಕ್ಲಾಸಿನಲ್ಲಿ ಸೇವೆಯಲ್ಲಿರುವಾಗ ತಂದೆಯನ್ನೋ ಅಣ್ಣನನ್ನೋ ಕಳೆದುಕೊಂಡ ಮಗು ಇದೆಯೇ ಎಂದು ತಿಳಿದುಕೊಳ್ಳಿ. ಇದ್ದರೆ ಮನೆಯವರ ಜೊತೆ ಮಾತಾಡಿ. ಎರಡನೇ ಅಧ್ಯಾಯದ ಆಸ್ಪತ್ರೆಯ ಭಾಗ, ಹತ್ತನೇ ಅಧ್ಯಾಯದ ಆಸ್ಪತ್ರೆ, ಹನ್ನೊಂದರಲ್ಲಿ ಕಾಟ್ಜಿನ್ಸ್‌ಕಿಯ ಸಾವು, ಈ ಮೂರು ದಿನ ಆ ಮಗುವಿಗೆ ಲೈಬ್ರರಿಯಲ್ಲಿ ಕೂರುವ ಅವಕಾಶ ಇರಲಿ, ಯಾರಿಗೂ ಕಾರಣ ಹೇಳಬೇಕಿಲ್ಲ. ‘ನಿನಗೆ ಏನನ್ನಿಸಿತು ಬರಿ’ ಎಂಬ ಪ್ರಶ್ನೆಗೆ ಮಾರ್ಕ್ಸ್ ಇಡಬೇಡಿ. ಮಗುವಿನ ದುಃಖಕ್ಕೆ ಹತ್ತಕ್ಕೆ ಏಳು ಕೊಡುವುದು ಎಂಥ ಮಾತು! ಏಳನೇ ಅಧ್ಯಾಯದಲ್ಲಿ ಹುಡುಗರು ರಾತ್ರಿ ನದಿ ದಾಟಿ ಫ್ರೆಂಚ್ ಹೆಂಗಸರನ್ನು ನೋಡಲು ಹೋಗುವ ಭಾಗ, ಹತ್ತರಲ್ಲಿ ಆಸ್ಪತ್ರೆಗೆ ಬರುವ ಹೆಂಡತಿಯ ಭಾಗ, ಇವನ್ನು ಒಂಬತ್ತನೇ ಕ್ಲಾಸಿಗೆ ಬಿಡಿ. ಬಿಟ್ಟಿದ್ದೇನೆ ಎಂದು ಹೆಡ್‌ಮಿಸ್‌ಗೂ ಪೋಷಕರಿಗೂ ಮೊದಲೇ ತಿಳಿಸಿ. 2022ರ ಸಿನಿಮಾ ತೋರಿಸುವ ಆಲೋಚನೆ ಇದ್ದರೆ ಬೇಡ. ಹಿಂಸೆ ಈ ವಯಸ್ಸಿಗೆ ಜಾಸ್ತಿ, ಪೌಲ್ ರಜೆಯಲ್ಲಿ ಮನೆಗೆ ಬರುವ ಭಾಗವೂ ಅದರಲ್ಲಿಲ್ಲ.

ಸಮಯದ ಲೆಕ್ಕ ಹೇಳಿಬಿಡುತ್ತೇನೆ. ಜೂನ್, ಜುಲೈನಲ್ಲಿ ಶುರು ಮಾಡಬೇಡಿ. ಮಳೆ ರಜೆ ಬಂದರೆ ವಾರಗಟ್ಟಲೆ ಕಥೆಯ ದಾರ ಕಡಿದುಹೋಗುತ್ತದೆ. ಸ್ವಾತಂತ್ರ್ಯ ದಿನ ಮುಗಿದ ಮೇಲೆ ಹಿಡಿಯಿರಿ, ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗೆ ಮುಗಿಸಿ. ಮೂರು, ಐದನೇ ಅಧ್ಯಾಯ ಮನೆಯಲ್ಲಿ ಓದಿಕೊಳ್ಳಲಿ, ಕ್ಲಾಸಿನಲ್ಲಿ ಐದು ನಿಮಿಷ ಮಾತಾಡಿದರೆ ಸಾಕು. ಒಂದು, ನಾಲ್ಕು, ಏಳು, ಒಂಬತ್ತು, ಹನ್ನೊಂದು, ಹನ್ನೆರಡನ್ನು ಕ್ಲಾಸಿನಲ್ಲೇ ಜೋರಾಗಿ ಓದಿ. ನಾಲ್ಕರಲ್ಲಿ ಗಾಯಗೊಂಡ ಕುದುರೆಗಳ ಕೂಗು ಬರುತ್ತದೆ. ಡೆಟರಿಂಗ್ ಎಂಬ ರೈತ ಸೈನಿಕ ಅದನ್ನು ತಾಳಲಾರದೆ ಸಿಟ್ಟಾಗುತ್ತಾನೆ. ಅಲ್ಲಿ ಗ್ರಾಮರ್ ಬೇಡವೇ ಬೇಡ. ದನ, ನಾಯಿ ಸಾಕಿದ ಮನೆಯ ಮಕ್ಕಳಿಗೆ ಆ ಪುಟ ತಾನಾಗಿ ಮುಟ್ಟುತ್ತದೆ.

ಪರೀಕ್ಷೆಗೆ ‘ಚೇಂಜ್ ದ ವಾಯ್ಸ್’ ಬರುತ್ತದೆ ನಿಜ, ಅದನ್ನು ತಪ್ಪಿಸಲಾಗುವುದಿಲ್ಲ. ತಿರುಗಿಸುವ ಅಭ್ಯಾಸಕ್ಕೆ ವರ್ಕ್‌ಬುಕ್ಕಿನ ವಾಕ್ಯಗಳನ್ನೇ ಬಳಸಿ, ಕಾದಂಬರಿಯ ಸಾವಿನ ವಾಕ್ಯಗಳನ್ನು ಅದಕ್ಕೆ ಹಾಕಬೇಡಿ. ಕಾದಂಬರಿಯಿಂದ ಕೇಳುವುದಾದರೆ ಪ್ರಶ್ನೆ ಹೀಗಿರಲಿ: ಈ ವಾಕ್ಯದಲ್ಲಿ ಕೆಲಸ ಮಾಡಿದವರು ಯಾರೆಂದು ಹೇಳಿದೆಯೇ? ಇಲ್ಲದಿದ್ದರೆ ಯಾಕೆ? ಎರಡು ಸಾಲು ಉತ್ತರ, ಎರಡು ಮಾರ್ಕ್ಸ್. ಇದನ್ನು ಬರೆಯಬಲ್ಲ ಮಗು ವಾಯ್ಸ್ ತಿರುಗಿಸುವುದರಲ್ಲಿ ತಪ್ಪುವುದು ಕಡಿಮೆ.

ಪುಸ್ತಕ ಕೊಳ್ಳುವ ಮೊದಲು ಒಂದು ಎಚ್ಚರಿಕೆ. ವೀನ್ ಅನುವಾದದ ಜೊತೆಗೆ ಬ್ರಯನ್ ಮರ್ಡಕ್ ಮಾಡಿದ ಹೊಸ ಅನುವಾದವೂ ಅಂಗಡಿಯಲ್ಲಿ ಸಿಗುತ್ತದೆ. ಎರಡರಲ್ಲೂ ವಾಕ್ಯಗಳು ಬೇರೆ. ಯಾವುದಾದರೂ ಸರಿ, ಇಡೀ ಕ್ಲಾಸಿಗೆ ಒಂದೇ ಇರಲಿ. ಇಬ್ಬರಿಗೆ ಒಂದು ಪ್ರತಿ ಸಾಕು. ಮಕ್ಕಳಿಗಾಗಿ ಚಿಕ್ಕದು ಮಾಡಿದ ಪುಸ್ತಕ ಯಾರಾದರೂ ಕೊಟ್ಟರೆ ಮೊದಲ ಪುಟ, ಕೊನೆಯ ಪುಟ ತೆಗೆದು ನೋಡಿ. ಮೊದಲ ಪುಟದ ಪ್ರೆಸೆಂಟ್ ಟೆನ್ಸ್ ಪಾಸ್ಟ್ ಆಗಿದ್ದರೆ, ಕೊನೆಯಲ್ಲಿ ‘ನಾನು’ ‘ಅವನು’ ಆಗದೇ ಇದ್ದರೆ, ಅದನ್ನು ವಾಪಸ್ ಕೊಟ್ಟು ಮೂಲ ಅನುವಾದವನ್ನೇ ತರಿಸಿ.